ಒಂದೂವರೆ ದಿನದ ಆಡಿಟ್

2024ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಪೀಣ್ಯದಿಂದ ಫೋನ್ ಬಂತು. "ಮೇಡಂ, ಅಪ್ಪ ನಿಮ್ಮ ನಂಬರ್ ಕೊಟ್ರು. ನಮ್ಮ ಐಎಸ್‌ಒ ಲ್ಯಾಪ್ಸ್ ಆಗಿ ಎರಡು ವರ್ಷ ಆಯ್ತು. ಈಗ ಒಬ್ಬ ದೊಡ್ಡ ಕಸ್ಟಮರ್ ಸಿಕ್ಕಿದಾರೆ, ಸರ್ಟಿಫಿಕೇಟ್ ಬೇಕೇ ಬೇಕು ಅಂತಿದಾರೆ. ಎಷ್ಟು ದಿನದಲ್ಲಿ ಮಾಡಿಸಿಕೊಡ್ತೀರ?"

ಐಎಸ್‌ಒ 9001 ಅಂದರೆ ಗುಣಮಟ್ಟ ಕಾಪಾಡುವ ವ್ಯವಸ್ಥೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ. ಅದನ್ನು ಪಾಲಿಸುತ್ತಿದ್ದಾರೆಯೇ ಅಂತ ಆಡಿಟ್ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ, ಅದಕ್ಕೆ ಕಾರ್ಖಾನೆಗಳನ್ನು ಸಜ್ಜು ಮಾಡುವ ಕನ್ಸಲ್ಟೆಂಟ್ ನಾನು. ಯಾವ ಮೆಷಿನ್ ಶಾಪು, ಯಾರ ಮಗ ಅಂತ ಗೊತ್ತಾದಾಗ ಖುಷಿಯಾಯಿತು. ಆದರೆ 'ಮಾಡಿಸಿಕೊಡ್ತೀರ' ಅನ್ನುವ ಮಾತಿಗೆ ಮನಸ್ಸು ಮುದುಡಿತು. 25 ವರ್ಷದ ಹಿಂದೆ ಅದೇ ಶಾಪಿನಲ್ಲಿ ಕೂತು ಅವರ ಅಪ್ಪ ನನ್ನನ್ನು ಕೇಳಿದ್ದು, "ನಾವು ಏನೇನು ಮಾಡ್ಬೇಕಮ್ಮ?" ಅಂತ.

ಅದು 1999. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಐದು ವರ್ಷ ಇನ್‌ಸ್ಪೆಕ್ಷನ್‌ನಲ್ಲಿ ದುಡಿದು, ಆಗಷ್ಟೇ ಒಬ್ಬ ಹಿರಿಯ ಕನ್ಸಲ್ಟೆಂಟ್ ಕೈಕೆಳಗೆ ಸೇರಿದ್ದೆ. ಶಾಪಿನ ಯಜಮಾನರು, ಅಂದರೆ ಈ ಮಗನ ಅಪ್ಪ, ಟೂಲ್ ರೂಮ್ ಫೋರ್‌ಮನ್ ಆಗಿದ್ದು, ಕೆಲಸ ಬಿಟ್ಟು ಸ್ವಂತ ಶೆಡ್ ಹಾಕಿದವರು. ನಾಲ್ಕು ಲೇತ್, ಎರಡು ಮಿಲ್ಲಿಂಗ್, ಒಂದು ರೇಡಿಯಲ್ ಡ್ರಿಲ್ಲಿಂಗ್, 17 ಜನ. ಆಗಿನದು ಮಾನದಂಡದ 1994ರ ಆವೃತ್ತಿ. ಡಿಸೈನ್ ಮಾಡದೆ ಬರೀ ತಯಾರಿಕೆ ಮಾಡುವ ಇಂಥ ಶಾಪುಗಳಿಗೆ ಐಎಸ್‌ಒ 9002 ಅಂತ ಬೇರೆಯೇ ಇತ್ತು. ಹನ್ನೊಂದು ತಿಂಗಳು ಪ್ರತಿ ಶನಿವಾರ ಹೋಗಿದ್ದೇವೆ. ಸರ್ಟಿಫಿಕೇಷನ್ ಆಡಿಟ್‌ಗೆ ಇಬ್ಬರು ಬಂದರು, ಎರಡು ದಿನ ಇದ್ದರು. ಹಿರಿಯ ಆಡಿಟರ್ ಟೀ ಕೂಡ ಕುಡಿಯದೆ ಕೇಳಿದ ಮೊದಲ ಮಾತು, "ರಿಜೆಕ್ಷನ್ ಡಬ್ಬ ಎಲ್ಲಿದೆ?" ಕೆಂಪು ಡಬ್ಬವನ್ನು ನೆಲಕ್ಕೆ ಬಗ್ಗಿಸಿ, ತಾವೇ ಕುಕ್ಕರಗಾಲಲ್ಲಿ ಕೂತು ಪೀಸ್ ಎಣಿಸಿದರು. 23 ಇದ್ದವು. ರಿಜಿಸ್ಟರ್‌ನಲ್ಲಿ ಬರೆದದ್ದು ಒಂಬತ್ತು. "ಉಳಿದ ಹದಿನಾಲ್ಕು ಯಾರ ಲೆಕ್ಕ?" ಎಂದು ಕೇಳಿ ಸುಮ್ಮನೆ ನಿಂತರು. ಯಜಮಾನರು ಆ ರಾತ್ರಿ ನಿದ್ದೆ ಮಾಡಲಿಲ್ಲ ಅಂತ ಆಮೇಲೆ ಹೇಳಿದರು. ಮಾರನೇ ವಾರದಿಂದ ಆ ಡಬ್ಬವನ್ನು ದಿನಾ ಸಂಜೆ ತಾವೇ ಎಣಿಸಲು ಶುರು ಮಾಡಿದರು. ನಾನು ಈ ವೃತ್ತಿಯಲ್ಲಿ ಉಳಿದದ್ದು ಆ ಡಬ್ಬದಿಂದ.

ಆ ಕಾಲದಲ್ಲಿ ಎಲ್ಲ ಸರಿಯಿತ್ತು ಅಂತ ನಾನು ಹೇಳೋದಿಲ್ಲ. ಕ್ವಾಲಿಟಿ ಪಾಲಿಸಿಯನ್ನು ಹೆಲ್ಪರ್‌ಗಳಿಗೆ ಬಾಯಿಪಾಠ ಮಾಡಿಸಿದ್ದೇವೆ, ಬೇಕಾದ್ದಕ್ಕೂ ಬೇಡದ್ದಕ್ಕೂ 'ಕಂಟ್ರೋಲ್ಡ್ ಕಾಪಿ' ಸೀಲು ಒತ್ತಿದ್ದೇವೆ. 2000ದ ಆವೃತ್ತಿ ಬಂದು, ಬರೆದಿಡಲೇಬೇಕಾದ ಪ್ರೊಸೀಜರ್‌ಗಳು ಆರಕ್ಕೆ ಇಳಿದವು. 2015ರ ಆವೃತ್ತಿಯಲ್ಲಿ ಕ್ವಾಲಿಟಿ ಮ್ಯಾನ್ಯುಯಲ್ ಕೂಡ ಕಡ್ಡಾಯವಲ್ಲ, ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್ ಎಂಬ ಹುದ್ದೆಯೂ ಕಡ್ಡಾಯವಲ್ಲ. ಸಣ್ಣ ಕಾರ್ಖಾನೆಗಳಿಗೆ ಅದು ದೊಡ್ಡ ಉಪಕಾರ. ಆದರೆ ಕಾಗದ ಕಡಿಮೆಯಾದ ಮೇಲೆ ಆಡಿಟರ್ ಹೆಚ್ಚು ಹೊತ್ತು ಮೆಷಿನ್ ಹತ್ತಿರ ನಿಲ್ಲಬೇಕಿತ್ತು, ಹೆಚ್ಚು ಜನರ ಹತ್ತಿರ ಮಾತಾಡಬೇಕಿತ್ತು. ಆದದ್ದು ತಿರುಗಾಮುರುಗಾ. ಕಾಗದವೂ ಹೋಯಿತು, ನಿಲ್ಲುವ ಹೊತ್ತೂ ಹೋಯಿತು.

ಜೂನ್‌ನಲ್ಲಿ ಹೋಗಿ ನೋಡಿದಾಗ ಶಾಪು ಗುರುತೇ ಸಿಗದಷ್ಟು ಬೆಳೆದಿತ್ತು. ಕಂಪ್ಯೂಟರ್ ಹೇಳಿದಂತೆ ಓಡುವ ಮೆಷಿನ್‌ಗಳು, ಆರು ಸಿಎನ್‌ಸಿ, ಎರಡು ವಿಎಂಸಿ. ಒಟ್ಟು 38 ಜನ. ಯಜಮಾನರಿಗೆ ವಯಸ್ಸಾಗಿದೆ, ಬೆಳಿಗ್ಗೆ ಎರಡು ಗಂಟೆ ಬಂದು ಕೂತು ಹೋಗುತ್ತಾರೆ. ಮಗನ ಮೇಜಿನ ಮೇಲೆ ನನಗಿಂತ ಮುಂಚೆ ಬಂದ ಒಂದು ಕೊಟೇಶನ್ ಇತ್ತು: ಏಳು ದಿನ, 9,500 ರೂಪಾಯಿ, ಮ್ಯಾನ್ಯುಯಲ್, ರೆಕಾರ್ಡು, ಸರ್ಟಿಫಿಕೇಟು ಎಲ್ಲ ಸೇರಿ. ನಾನು ಲೆಕ್ಕ ಹಾಕಿಕೊಂಡು ಹೋಗಿದ್ದು ಆರು ತಿಂಗಳು, ಹದಿನಾಲ್ಕು ವಿಸಿಟ್.

ಅವರಿಗೆ ವಿಷಯ ಬಿಡಿಸಿ ಹೇಳಿದೆ. ಐಎಸ್‌ಒ ಸಂಸ್ಥೆ ಮಾನದಂಡ ಬರೆಯುತ್ತದೆ ಅಷ್ಟೇ, ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಡುವುದು ಸರ್ಟಿಫಿಕೇಷನ್ ಸಂಸ್ಥೆಗಳು. ಆ ಸಂಸ್ಥೆಗಳಿಗೆ ಯೋಗ್ಯತೆ ಇದೆಯೇ ಅಂತ ಪರೀಕ್ಷಿಸಿ ಮಾನ್ಯತೆ ಕೊಡುವುದಕ್ಕೆ ನಮ್ಮಲ್ಲಿ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಅಡಿಯಲ್ಲಿ ಎನ್‌ಎಬಿಸಿಬಿ ಇದೆ. ಬೇರೆ ದೇಶಗಳಲ್ಲೂ ಇಂಥವು ಇವೆ, ಇವನ್ನೆಲ್ಲ ಆಗ ಐಎಎಫ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಒಂದು ಒಪ್ಪಂದದಲ್ಲಿ ಕಟ್ಟಿತ್ತು. ಆ ಸರಪಳಿಯಲ್ಲಿ ಇಲ್ಲದ ಸಂಸ್ಥೆ ಕೊಟ್ಟ ಸರ್ಟಿಫಿಕೇಟ್ ನೋಡಲು ಹಾಗೇ ಇರುತ್ತದೆ, ಹೊಳೆಯುವ ಸೀಲೂ ಇರುತ್ತದೆ, ಯಾವುದೋ ವಿದೇಶಿ ಹೆಸರಿನ ಮಾನ್ಯತಾ ಮಂಡಳಿಯ ಲೋಗೋ ಕೂಡ ಇರುತ್ತದೆ. 9,500ರ ಕೊಟೇಶನ್ ಅಂಥದ್ದು. ಟೆಂಡರ್ ಕರೆಯುವವರು ಬರೀ 'ಐಎಸ್‌ಒ 9001 ಇರಬೇಕು' ಅಂತ ಬರೆದು, ಮಾನ್ಯತೆ ಪಡೆದ ಸಂಸ್ಥೆಯದ್ದೇ ಆಗಬೇಕು ಅಂತ ಬರೆಯದೆ ಬಿಟ್ಟಾಗಲೆಲ್ಲ ಈ ಅಂಗಡಿಗಳಿಗೆ ವ್ಯಾಪಾರ. ಅದೃಷ್ಟಕ್ಕೆ ಇವರ ಹೊಸ ಕಸ್ಟಮರ್ ಹಾಗೆ ಬಿಟ್ಟಿರಲಿಲ್ಲ.

"ಹಾಗಾದ್ರೆ ಅಸಲಿದೇ ಮಾಡೋಣ ಮೇಡಂ. ಆದ್ರೆ ಹದಿನಾಲ್ಕು ವಿಸಿಟ್ ಯಾಕೆ? ಆರು ಸಾಕಲ್ವಾ?" ಎಂದರು ಮಗ.

ನಾನು ಒಪ್ಪಿಕೊಂಡೆ. ಆ ವರ್ಷ ಕೈಯಲ್ಲಿ ಕೆಲಸ ಕಡಿಮೆಯಿತ್ತು. ಹಿಂದೆ ಹೀಗಿರಲಿಲ್ಲ. ಸಣ್ಣ ಕೈಗಾರಿಕೆಗಳಿಗೆ ಸರ್ಟಿಫಿಕೇಷನ್ ಖರ್ಚಿನ ಶೇ 75ರಷ್ಟನ್ನು, ಗರಿಷ್ಠ 75,000 ರೂಪಾಯಿವರೆಗೆ ಕೇಂದ್ರ ಸರ್ಕಾರ ವಾಪಸ್ ಕೊಡುತ್ತಿದ್ದ ಕಾಲದಲ್ಲಿ ನನಗೆ ಶನಿವಾರ, ಭಾನುವಾರ ಎರಡೂ ಇರುತ್ತಿರಲಿಲ್ಲ. ಆ ಯೋಜನೆಯಿಂದ ಎಷ್ಟೋ ಪ್ರಾಮಾಣಿಕ ಶಾಪುಗಳಿಗೆ ಅನುಕೂಲವಾಯಿತು. ಅದರ ಜತೆಗೇ, ವಾಪಸ್ ಬರುವ ದುಡ್ಡಿಗೆ ಸರಿಯಾಗಿ ಕೊಟೇಶನ್ ಹೊಲಿಯುವವರೂ ಹುಟ್ಟಿಕೊಂಡರು. ಇನ್‌ಸ್ಪೆಕ್ಷನ್ ಮಾಡಿ ಗೊತ್ತಿಲ್ಲದ, ಐದು ದಿನದ ಲೀಡ್ ಆಡಿಟರ್ ಕೋರ್ಸ್ ಒಂದನ್ನೇ ಬಂಡವಾಳ ಮಾಡಿಕೊಂಡವರು. ಅವರ ಜತೆ ದರದಲ್ಲಿ ಪೈಪೋಟಿಗೆ ಇಳಿದ ದಿನವೇ ನಮ್ಮಂಥವರು ಸೋತೆವು. ಹದಿನಾಲ್ಕನ್ನು ಆರು ಮಾಡಿದ್ದು ನಾನೇ, ಬೇರೆ ಯಾರೂ ಅಲ್ಲ.

ಕೆಲಸ ಶುರುವಾಯಿತು. ಹಳೆಯ ಫೈಲುಗಳನ್ನು ತೆಗೆಸಿದೆ. ನಡುವೆ ಬಂದುಹೋದ ಯಾರೋ ಕನ್ಸಲ್ಟೆಂಟ್ ಮಾಡಿಟ್ಟ ಮ್ಯಾನೇಜ್‌ಮೆಂಟ್ ರಿವ್ಯೂ ಮೀಟಿಂಗಿನ ವರದಿ ಕೈಗೆ ಸಿಕ್ಕಿತು. ತಾರೀಖು 2021ರ ಅಕ್ಟೋಬರ್ 14. ಆ ವರ್ಷದ ಆಯುಧಪೂಜೆ ಅವತ್ತೇ. ಪೀಣ್ಯದಲ್ಲಿ ಅವತ್ತು ಮೆಷಿನ್‌ಗಳಿಗೆಲ್ಲ ಬಾಳೆಕಂದು ಕಟ್ಟಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಕೈಯಲ್ಲಿ ಸ್ವೀಟ್ ಬಾಕ್ಸ್ ಹಿಡಿದು ಎಲ್ಲರೂ ಮಧ್ಯಾಹ್ನಕ್ಕೆ ಮನೆ ಸೇರುತ್ತಾರೆ. ವರದಿಯಲ್ಲಿ ಮಾತ್ರ ಹನ್ನೊಂದು ಜನ ಮೂರು ಗಂಟೆ ಕೂತು ಕಸ್ಟಮರ್ ಕಂಪ್ಲೇಂಟ್ ಚರ್ಚೆ ಮಾಡಿದ್ದರು. ಇದನ್ನು ನೋಡಿ ಸಹಿ ಹಾಕಿದ ಆಡಿಟರ್ ಈ ಊರಿನವನೇ ಇರಬೇಕು ಅಂತ ಯೋಚಿಸಿದಾಗ ಹೊಟ್ಟೆ ತೊಳಸಿದಂತಾಯಿತು.

ಆಗಸ್ಟ್‌ನಲ್ಲಿ ಇಂಟರ್ನಲ್ ಆಡಿಟ್ ಮಾಡುವಾಗ ಒಂದು ಪ್ಲಗ್ ಗೇಜ್ ಕಣ್ಣಿಗೆ ಬಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ತೂತಿನ ಅಳತೆ ನೋಡಲು ಎರಡು ತುದಿಯ ಒಂದು ದುಂಡನೆಯ ಉಕ್ಕಿನ ಸಾಧನ. ಉದ್ದನೆಯ ತುದಿ 'ಗೋ', ಅದು ತೂತಿನೊಳಗೆ ಹೋಗಬೇಕು. ಗಿಡ್ಡ ತುದಿ 'ನೋ ಗೋ', ಹೋಗಬಾರದು. ಇವರ ಕಾಂಪೊನೆಂಟಿನ ತೂತು 20 ಎಚ್7, ಅಂದರೆ 20.000ದಿಂದ 20.021 ಮಿಲಿಮೀಟರ್ ಒಳಗೆ ಇರಬೇಕು. ಗೇಜಿನ ಗೋ ತುದಿ ಪ್ರತಿ ಪೀಸಿನೊಳಗೂ ಹೋಗಿ ಬರುವುದರಿಂದ ಸವೆಯುವುದು ಅದೇ. ಸವೆದರೆ ಚಿಕ್ಕ ತೂತಿನೊಳಗೂ ಸಲೀಸಾಗಿ ಇಳಿಯುತ್ತದೆ, ಇನ್‌ಸ್ಪೆಕ್ಟರ್ ಪಾಸ್ ಮಾಡುತ್ತಾರೆ. ಇವರ ಗೇಜ್ ಕ್ಯಾಲಿಬ್ರೇಷನ್, ಅಂದರೆ ಅದರ ಅಳತೆ ಸರಿಯಿದೆಯೇ ಎಂಬ ಪರೀಕ್ಷೆ, ಆಗಿ ಮೂರು ವರ್ಷವಾಗಿತ್ತು. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಕಳಿಸಿದೆವು. ಗೋ ತುದಿ 19.992 ಬಂತು, 20.000ಕ್ಕಿಂತ ಎಂಟು ಮೈಕ್ರಾನ್ ಕಡಿಮೆ. ತೂತನ್ನು ಫಿನಿಶ್ ಮಾಡುವ ರೀಮರ್ ಕೂಡ ಸವೆಯುತ್ತದೆ, ಅದು ಸವೆದಷ್ಟೂ ತೂತು ಚಿಕ್ಕದಾಗುತ್ತದೆ. ರೀಮರ್ ಬದಲಿಸಿ ಅಂತ ಕೂಗಿ ಹೇಳಬೇಕಾದ ಗೇಜೇ ಅದರ ಜತೆ ಸವೆದು ಕೂತಿತ್ತು. ಎನ್‌ಸಿ, ಅಂದರೆ ಮಾನದಂಡಕ್ಕೆ ಹೊಂದದ ತಪ್ಪಿನ ಟಿಪ್ಪಣಿ, ಬರೆದೆ: ಗೇಜ್ ಬದಲಿಸಿ, ಹಿಂದೆ ಪಾಸ್ ಮಾಡಿದ ಲಾಟ್ ಮತ್ತೆ ನೋಡಿ.

ಸೆಪ್ಟೆಂಬರ್‌ನಲ್ಲಿ ಮಗ ವಾಟ್ಸ್ಆ್ಯಪ್‌ನಲ್ಲಿ ಮೂರು ಫೋಟೊ ಕಳಿಸಿದರು. ಮರದ ಪೆಟ್ಟಿಗೆಯಲ್ಲಿ ಹೊಸ ಗೇಜ್, ಅದರ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್, ಸ್ಟಾಕಿನಲ್ಲಿದ್ದ ಲಾಟ್ ಮತ್ತೆ ನೋಡಿದ ರಿಪೋರ್ಟ್. ಹದಿನಾಲ್ಕು ವಿಸಿಟ್ ಇದ್ದಿದ್ದರೆ ಆ ವಾರ ನಾನು ಅಲ್ಲೇ ಇರುತ್ತಿದ್ದೆ. ಮನೆಯಲ್ಲಿ ಕೂತು ಫೋಟೊ ನೋಡಿ ಆ ಎನ್‌ಸಿ ಮುಂದೆ 'ಕ್ಲೋಸ್ಡ್' ಅಂತ ಬರೆದೆ.

ಇಷ್ಟರಲ್ಲಿ ಸರ್ಟಿಫಿಕೇಷನ್ ಸಂಸ್ಥೆ ನಿಗದಿಯಾಗಿತ್ತು. ಮಾನ್ಯತೆ ಇರುವ ಸಂಸ್ಥೆಯೇ. ಅವರ ಮಾರ್ಕೆಟಿಂಗ್ ಹುಡುಗ ಮೊದಲ ಫೋನಿನಲ್ಲೇ, "ಡಾಕ್ಯುಮೆಂಟೇಷನ್ ಬೇಕಾದ್ರೂ ನಮ್ ಕಡೆಯವ್ರೇ ನೋಡ್ಕೋತಾರೆ ಸಾರ್" ಅಂದಿದ್ದನಂತೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆ ಕನ್ಸಲ್ಟಿಂಗ್ ಮಾಡಕೂಡದು ಅಂತ ಐಎಸ್‌ಒ 17021 ಖಡಾಖಂಡಿತ ಹೇಳುತ್ತದೆ. ಒಬ್ಬರೇ ಪ್ರಶ್ನೆಪತ್ರಿಕೆ ತೆಗೆದು, ಉತ್ತರ ಬರೆಸಿ, ಮಾರ್ಕೂ ಹಾಕುವುದು ಬೇಡ ಅಂತ.

ದಿನಗಳ ಲೆಕ್ಕ ಕಂಡದ್ದು ಸ್ಟೇಜ್ 1, ಅಂದರೆ ಸಿದ್ಧತೆ ನೋಡುವ ಮೊದಲ ಸುತ್ತಿನ ಆಡಿಟ್‌ನ ಪ್ಲಾನ್ ಬಂದಾಗ. ಎಷ್ಟು ಜನರಿರುವ ಕಾರ್ಖಾನೆಗೆ ಎಷ್ಟು ಆಡಿಟ್ ದಿನ ಎಂಬುದಕ್ಕೆ ಐಎಎಫ್‌ನ ಎಂಡಿ 5 ಎಂಬ ದಾಖಲೆಯಲ್ಲಿ ಕೋಷ್ಟಕವಿದೆ. 26ರಿಂದ 45 ಜನಕ್ಕೆ ಮೊದಲ ಸರ್ಟಿಫಿಕೇಷನ್‌ಗೆ ನಾಲ್ಕು ದಿನ. 11ರಿಂದ 15 ಜನಕ್ಕೆ ಎರಡೂವರೆ. ಕೆಲಸ ಸರಳವಾಗಿದ್ದರೆ ಕಾರಣ ಬರೆದು ಶೇ 30ರವರೆಗೆ ಇಳಿಸಬಹುದು. ಅರ್ಜಿಯಲ್ಲಿ ಬರೆದಿದ್ದ ಸಂಖ್ಯೆ 15. "ಕಾಂಟ್ರಾಕ್ಟ್‌ನವ್ರನ್ನ ಸೇರಿಸ್ಬೇಡಿ ಸಾರ್, ಫೀಸ್ ಕಮ್ಮಿ ಆಗತ್ತೆ ಅಂತ ಅವ್ರೇ ಹೇಳಿದ್ದು" ಎಂದರು ಮಗ. ಲೇತ್ ಓಡಿಸುವವರು, ಡ್ರಿಲ್ಲಿಂಗ್ ಮಾಡುವವರು, ಪೀಸ್ ಅಳೆಯುವವರು, ಎಲ್ಲ ಕಾಂಟ್ರಾಕ್ಟ್. ಕೋಷ್ಟಕದಲ್ಲಿ ಅವರೂ ಲೆಕ್ಕಕ್ಕೆ ಬರಲೇಬೇಕು. ಒಂದು ಸಂಖ್ಯೆ ತಪ್ಪು ಬರೆದು, ಅದರ ಮೇಲೆ ಶೇ 30 ಇಳಿಸಿ, ನಾಲ್ಕು ದಿನದ ಕೆಲಸ ಎರಡಕ್ಕೂ ಕಡಿಮೆಗೆ ಬಂತು. ಮೊದಲನೆಯ ಆ ಒಂದು ಸಂಖ್ಯೆ ಬಿಟ್ಟರೆ ಆಮೇಲಿನ ಲೆಕ್ಕವೆಲ್ಲ ನಿಯಮದ ಪ್ರಕಾರವೇ. ಫೈಲ್ ತಪಾಸಣೆಗೆ ಯಾರು ಬಂದರೂ ಬೆರಳಿಡಲು ಜಾಗ ಸಿಗುವುದಿಲ್ಲ.

ಸ್ಟೇಜ್ 1 ಆನ್‌ಲೈನ್‌ನಲ್ಲಿ ಅರ್ಧ ದಿನ ನಡೆಯಿತು. ನವೆಂಬರ್‌ನಲ್ಲಿ ಸ್ಟೇಜ್ 2, ಮುಖ್ಯ ಆಡಿಟ್. ಆಡಿಟರ್ ಪೀಣ್ಯ ಇಂಡಸ್ಟ್ರಿ ಮೆಟ್ರೊ ಸ್ಟೇಷನ್ನಿನಿಂದ ಆಟೊದಲ್ಲಿ ಬಂದಿಳಿದಾಗ ಹತ್ತೂಕಾಲು. ಮೂವತ್ತೈದರ ಆಸುಪಾಸು, ಮಾತು ಮೃದು. ಓಪನಿಂಗ್ ಮೀಟಿಂಗ್‌ನಲ್ಲೇ ಹೇಳಿದೆ, ಇಲ್ಲಿ ಇರೋದು 38 ಜನ ಅಂತ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಆಫೀಸಲ್ಲಿ ಹಾಗೆ ಪ್ಲಾನ್ ಕೊಟ್ಟಿದಾರೆ ಮೇಡಂ. ನನಗಿರೋದು ಇವತ್ತೊಂದೇ ದಿನ. ನಾಳೆ ಹೊಸೂರಲ್ಲಿ ಇನ್ನೊಂದಿದೆ, ನಾಡಿದ್ದು ಮತ್ತೊಂದು."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಕುರ್ಚಿಯಲ್ಲಿ ನಾನೂ ಕೂತಿದ್ದೇನೆ. 2019ರವರೆಗೆ ಒಂದು ಸಂಸ್ಥೆಗೆ ದಿನದ ಲೆಕ್ಕದಲ್ಲಿ ಆಡಿಟ್ ಮಾಡುತ್ತಿದ್ದೆ. ಬೆಳಿಗ್ಗೆ ಒಂದು ಶಾಪು, ಮಧ್ಯಾಹ್ನ ಇನ್ನೊಂದು ಅಂತ ಶುರುವಾದದ್ದು ಕೊನೆಗೆ ದಿನಕ್ಕೆ ಮೂರಕ್ಕೆ ಬಂತು. ಆಗುವುದಿಲ್ಲ ಎಂದೆ. ಯಾರೂ ಜಗಳ ಮಾಡಲಿಲ್ಲ, ಫೋನ್ ಬರುವುದು ನಿಂತುಹೋಯಿತು. ಬೇಡ ಅನ್ನುವ ಶಕ್ತಿ ನನಗಿತ್ತು, ಮನೆ ಸಾಲ ಅಷ್ಟರಲ್ಲಿ ತೀರಿತ್ತು. ಈ ಹುಡುಗನಿಗೆ ಇನ್ನೂ ತೀರಿರಲಿಕ್ಕಿಲ್ಲ.

ಮಧ್ಯಾಹ್ನದವರೆಗೆ ಫೈಲು. ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಅನ್ನ ಕಲಸುತ್ತ ಇನ್ನೊಂದು ಕೈಯಲ್ಲಿ ರಿಪೋರ್ಟ್ ಟೈಪ್ ಮಾಡುತ್ತಿದ್ದರು. ಶಾಪ್ ಫ್ಲೋರ್‌ನಲ್ಲಿ ಇದ್ದದ್ದು 25 ನಿಮಿಷ, ನಾನು ಗಡಿಯಾರ ನೋಡಿಕೊಂಡಿದ್ದೆ. ಕ್ಯಾಲಿಬ್ರೇಷನ್ ಲಿಸ್ಟ್ ಕೇಳಿದರು. ಹೊಸ ಪ್ಲಗ್ ಗೇಜಿನ ಸರ್ಟಿಫಿಕೇಟ್, ಸೀರಿಯಲ್ ನಂಬರ್, ಲಿಸ್ಟಿನ ನಂಬರ್ ಮೂರೂ ತಾಳೆಯಾದವು. ಟಿಕ್ ಹಾಕಿದರು. ಗೇಜ್ ತೋರಿಸಿ ಅನ್ನಲಿಲ್ಲ. ರಿಜೆಕ್ಷನ್ ಡಬ್ಬದ ಪಕ್ಕದಲ್ಲೇ ಹಾದುಹೋದರು. ಎರಡು ಮೈನರ್ ಎನ್‌ಸಿ ಕೊಟ್ಟರು, ಒಂದು ಟ್ರೈನಿಂಗ್ ರೆಕಾರ್ಡಿನಲ್ಲಿ ಬಿಟ್ಟುಹೋದ ಸಹಿಗೆ, ಇನ್ನೊಂದು ಬೆಂಕಿ ಆರಿಸುವ ಸಿಲಿಂಡರಿನ ಟ್ಯಾಗಿಗೆ. ಸಂಜೆ ಐದಕ್ಕೆ ಸರ್ಟಿಫಿಕೇಷನ್‌ಗೆ ಶಿಫಾರಸು ಮಾಡಿರುವುದಾಗಿ ಹೇಳಿ ಕೈಮುಗಿದು ಹೊರಟರು. ಮಗ ಮೈಸೂರ್ ಪಾಕ್ ತರಿಸಿದರು.

ನಾನು ಹೊರಡುವ ಮುಂಚೆ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಹೋದೆ, ಅಲ್ಲಿ ಕೆಲಸ ಮಾಡುವ ಹುಡುಗಿಗೆ ಸಿಹಿ ಕೊಡೋಣ ಅಂತ. ಶಿರಾ ಕಡೆಯವಳು, ಐಟಿಐ ಮಾಡಿದ್ದಾಳೆ, ಕೈ ಚುರುಕು. ಟ್ರೇಯಿಂದ ಪೀಸ್ ತೆಗೆದು ಬಟ್ಟೆಯಲ್ಲಿ ಒರೆಸಿ, ಗೇಜ್ ಇಳಿಸಿ, ತಿರುವಿ, ತೆಗೆದು ಹಸಿರು ಡಬ್ಬಕ್ಕೆ ಹಾಕುತ್ತಿದ್ದಳು. ಗೇಜಿನ ಹಿಡಿಯ ಮೇಲೆ ಕಚ್ಚು ಬಿದ್ದ ಗುರುತು ಕಂಡಿತು. ಆಗಸ್ಟ್‌ನಲ್ಲಿ ಲ್ಯಾಬಿಗೆ ಕಳಿಸುವಾಗ ನಾನೇ ನೋಡಿದ್ದ ಗುರುತು.

"ಇದು ಹಳೇದಲ್ವೇನಮ್ಮ?"

"ಹೂಂ ಮೇಡಂ. ಹೊಸದು ಸ್ಟೋರ್‌ನಲ್ಲಿದೆ. ಆಡಿಟ್‌ಗೆ ತೋರಿಸ್ಬೇಕು, ಸವೆದುಹೋಗ್ಬಾರ್ದು ಅಂತ ಎತ್ತಿಟ್ಟಿದಾರೆ."

ಅವಳು ಅದನ್ನು ಎಷ್ಟು ಸಹಜವಾಗಿ ಹೇಳಿದಳೆಂದರೆ ನನಗೆ ಮಾತೇ ಹೊರಡಲಿಲ್ಲ. ತಪ್ಪು ಅವಳದ್ದಲ್ಲ, ಅವಳಿಗೆ ಕೊಟ್ಟ ಗೇಜಿನಲ್ಲಿ ಅವಳು ಶ್ರದ್ಧೆಯಿಂದ ಅಳೆಯುತ್ತಿದ್ದಳು. ಸ್ಟೋರ್‌ನಿಂದ ಹೊಸ ಗೇಜ್ ತರಿಸಿದೆ. ಅವಳು ಆಗತಾನೆ ಪಾಸ್ ಮಾಡಿದ ಪೀಸನ್ನೇ ಕೈಗೆ ತಗೊಂಡೆ. ಹಳೆಯ ಗೇಜ್ ಸುಮ್ಮನೆ ಜಾರಿಕೊಂಡು ಇಳಿಯಿತು. ಹೊಸದು ಬಾಯಲ್ಲೇ ನಿಂತಿತು. ಎಣ್ಣೆ ಒರೆಸಿ, ನೇರ ಹಿಡಿದು ಮತ್ತೆ ನೋಡಿದೆ. ಬಾಯಲ್ಲೇ ನಿಂತಿತು. ಹುಡುಗಿಯ ಮುಖ ಬಿಳಿಚಿತು.

ಆಡಿಟ್ ಇದೆ ಅಂತ ಯಜಮಾನರು ಅವತ್ತು ಸಂಜೆವರೆಗೂ ಇದ್ದರು. ಅವರನ್ನು ಕರೆದೆ. ಕನ್ನಡಕ ಹಣೆಗೆ ಏರಿಸಿ, ಎರಡೂ ಗೇಜ್ ಒಂದೊಂದು ಕೈಯಲ್ಲಿ ಹಿಡಿದು, ಒಂದೇ ತೂತಿಗೆ ಹತ್ತು ಸಲ ಹಾಕಿ ತೆಗೆದು ನೋಡಿದರು. ಮಗನ ಕಡೆ ತಿರುಗಿ ಜೋರು ಮಾಡಲಿಲ್ಲ. "ಎಷ್ಟು ಹೋಗಿದೆ ಇದು?" ಎಂದರು. ಹಿಂದಿನ ವಾರ 400 ಪೀಸ್ ಜಿಗಣಿಗೆ, ಹೊಸ ಕಸ್ಟಮರ್‌ಗೆ ಹೋಗಿತ್ತು. ಡಬ್ಬದಲ್ಲಿದ್ದ 120ರಲ್ಲಿ 19 ಪೀಸಿಗೆ ಹೊಸ ಗೇಜ್ ಇಳಿಯಲಿಲ್ಲ.

ಅಳೆಯುವ ಸಾಧನ ಕೆಟ್ಟಿದೆ ಅಂತ ಗೊತ್ತಾದರೆ, ಅದರಿಂದ ಹಿಂದೆ ಅಳೆದು ಕಳಿಸಿದ್ದೆಲ್ಲ ಸರಿಯಿದೆಯೇ ಅಂತ ನೋಡಬೇಕು, ಕ್ರಮ ತೆಗೆದುಕೊಳ್ಳಬೇಕು. ಮಾನದಂಡದ 7.1.5ರಲ್ಲಿ ಇರುವ ಮಾತು ಇದು. ನಾನು ಆ ನಂಬರ್ ಹೇಳುವ ಅಗತ್ಯವೇ ಬೀಳಲಿಲ್ಲ. "ಕಸ್ಟಮರ್‌ಗೆ ಫೋನ್ ಮಾಡು" ಎಂದರು ಯಜಮಾನರು. ಮಗ ಫೋನ್ ಹಿಡಿದು ಹೊರಗೆ ಹೋಗಿ ಎರಡು ಸಲ ತಿರುಗಿ ಬಂದರು. ಮೂರನೇ ಸಲ ಮಾಡಿದರು. "ನಾವೇ ಬಂದು ಸಾರ್ಟಿಂಗ್ ಮಾಡಿಕೊಡ್ತೀವಿ ಸಾರ್, ಅಸೆಂಬ್ಲಿಗೆ ಕೊಡ್ಬೇಡಿ" ಅಂದದ್ದು ನನ್ನ ಕಿವಿಗೆ ಬಿತ್ತು. ಒಳಗೆ ಯಜಮಾನರು ಹಳೆಯ ಗೇಜನ್ನು ಗ್ರೈಂಡರ್‌ಗೆ ಹಿಡಿದು ಗೋ ತುದಿಯನ್ನು ಅಡ್ಡಕ್ಕೆ ಕೊಯ್ದರು, ಇನ್ನೊಬ್ಬರು ಎತ್ತಿಕೊಂಡು ಬಳಸದ ಹಾಗೆ.

ಭಾನುವಾರ ಜಿಗಣಿಗೆ ನಾನೂ ಹೋದೆ. ಆರು ವಿಸಿಟ್ ಮುಗಿದಿತ್ತು, ಇದಕ್ಕೆ ಬಿಲ್ ಹಾಕಲಿಲ್ಲ, ನನ್ನ 'ಕ್ಲೋಸ್ಡ್' ಅದರಲ್ಲಿತ್ತು. ಕಸ್ಟಮರ್ ಸ್ಟೋರ್‌ನ ಸಿಮೆಂಟ್ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮೂವರು ಕೂತೆವು. ಹುಡುಗಿ ಗೇಜ್ ಹಾಕಿ ಬೇರೆ ಮಾಡುತ್ತಿದ್ದಳು, ನಾನು ಒರೆಸಿ ಕೊಡುತ್ತಿದ್ದೆ, ಮಗ ಎಣಿಸಿ ಬರೆಯುತ್ತಿದ್ದರು. 400ರಲ್ಲಿ 52. ಅದೇ ವಾರ ಮಗನ ಸಹಿಯಲ್ಲಿ ಸರ್ಟಿಫಿಕೇಷನ್ ಸಂಸ್ಥೆಗೆ ಒಂದು ಪತ್ರ ಬರೆಸಿದೆ: ನಮ್ಮಲ್ಲಿ ಇರುವುದು 38 ಜನ, ಅರ್ಜಿಯಲ್ಲಿ ತಪ್ಪಾಗಿದೆ, ದಿನಗಳನ್ನು ಮತ್ತೆ ಲೆಕ್ಕ ಹಾಕಿ, ಉಳಿದ ದಿನಕ್ಕೆ ಆಡಿಟರ್ ಕಳಿಸಿ, ಫೀಸ್ ಕೊಡುತ್ತೇವೆ. ಜತೆಗೆ ಗೇಜಿನ ವಿಷಯವನ್ನೂ ಮುಚ್ಚಿಡದೆ ಬರೆದೆವು.

ಸರ್ಟಿಫಿಕೇಟ್ ಡಿಸೆಂಬರ್ ಎರಡನೇ ವಾರ ಕೊರಿಯರ್‌ನಲ್ಲಿ ಬಂತು. ಪತ್ರಕ್ಕೆ ಉತ್ತರ ಬರಲಿಲ್ಲ. ಜನವರಿಯಲ್ಲಿ ಮತ್ತೆ ಬರೆದಿದ್ದೇವೆ, ಈ ಸಲ ಎನ್‌ಎಬಿಸಿಬಿಗೂ ಒಂದು ಪ್ರತಿ ಹಾಕಿ.